ಮಹಡಿ ಅತ್ತೆ ಕಾಯುತ್ತಿದ್ದ ನಗು

ಅತ್ತೆಗೆ ಕಿವಿ ಕೇಳುವುದಿಲ್ಲ ಎನ್ನುವುದು ಆ ಇಡೀ ಕಟ್ಟಡದಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನಾಲ್ಕು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದೆ. ನಮ್ಮವರಿಗೂ ಹೇಳಿರಲಿಲ್ಲ. ಗುಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುವವರು ಇರುತ್ತಾರೆ. ನಾನು ದಿನಕ್ಕೆ ಹತ್ತು ಸಲ ಬೀಗ ಎಳೆದು ನೋಡುವ ಪೈಕಿ. ಪಕ್ಕದ ಕೋಣೆಯಲ್ಲಿ ಯಾರಾದರೂ ‘ಕಿವಿ’ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಮುಖ ಕೆಂಪಾಗುತ್ತಿತ್ತು.

ಅತ್ತೆ ಎಂದರೆ ನನ್ನ ಗಂಡನ ತಾಯಿಯಲ್ಲ. ವಾರಕ್ಕೊಂದು ಸಂಜೆ ಟೀವಿಯಲ್ಲಿ ಬರುತ್ತಿದ್ದ ಹಾಸ್ಯ ಧಾರಾವಾಹಿಯ ಮಹಡಿ ಅತ್ತೆ. ಕೆಳಗಿನ ಮನೆಯ ಬಾಡಿಗೆದಾರರನ್ನು ವಿಚಾರಿಸಿಕೊಳ್ಳಲು ಮನೆ ಚಪ್ಪಲಿ ಪಟಪಟ ಬಡಿಯುತ್ತ ಮೆಟ್ಟಿಲಿಳಿದು ಬರುವ ಮನೆಯೊಡತಿಯ ಪಾತ್ರ. ಹನ್ನೊಂದು ವರ್ಷ ಅದನ್ನೇ ಮಾಡಿ ಅವರ ನಿಜವಾದ ಹೆಸರು ಸವೆದುಹೋಗಿತ್ತು. ಬಸ್ಸಿನ ಕಂಡಕ್ಟರು, ಬ್ರೆಡ್ಡಿನಂಗಡಿಯವನು, ಹಲ್ಲಿನ ಡಾಕ್ಟರು, ಎಲ್ಲರೂ ಅತ್ತೆ ಎಂದೇ ಕರೆಯುತ್ತಿದ್ದರು. ಅವರ ಗಂಡನ ಪಾತ್ರ ಮಾಡುತ್ತಿದ್ದವರು ಎಲ್ಲರಿಗೂ ಮಾವ.

ಅಲ್ಲಿ ನನ್ನದು ಕಂಟಿನ್ಯುಟಿ ಕೆಲಸ. ಒಂದು ದೃಶ್ಯದಲ್ಲಿ ಬಟ್ಟಲು ಬಲಗೈಯಲ್ಲಿದ್ದರೆ ಮುಂದಿನ ತುಣುಕಿನಲ್ಲೂ ಬಲಗೈಯಲ್ಲೇ ಇರಬೇಕು. ಮೇಲಿನ ಗುಂಡಿ ಬಿಚ್ಚಿದ್ದರೆ ಬಿಚ್ಚಿಯೇ ಇರಬೇಕು. ಇದನ್ನೆಲ್ಲ ನೋಡಿ ಬರೆದಿಡುವವಳು ನಾನು. ಮನೆಯಲ್ಲಿ ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಹಿಂತಿರುಗಿ ನೋಡುವ ನನ್ನ ಸ್ವಭಾವ ಕಂಡು ನಮ್ಮವರು ಹೇಳುತ್ತಿದ್ದರು: “ಲೋಕದಲ್ಲಿ ಎಲ್ಲರೂ ಪುಕ್ಕಟೆ ಹೆದರಿಕೊಳ್ತಾರೆ. ನಿನಗೊಬ್ಬಳಿಗೆ ಅದಕ್ಕೆ ಸಂಬಳ ಕೊಡ್ತಾರೆ.”

ನನಗೆ ಇನ್ನೊಂದು ಕೆಲಸವೂ ಇತ್ತು. ನಮ್ಮದು ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸುವ ಕಾರ್ಯಕ್ರಮ. ಅವರು ನಕ್ಕಷ್ಟು ಹೊತ್ತು ನಟರು ಮುಂದಿನ ಮಾತು ಆಡದೆ ಕಾಯಬೇಕು. ಕಾಯದಿದ್ದರೆ ಆ ಮಾತು ನಗುವಿನಲ್ಲಿ ಮುಳುಗಿಹೋಗುತ್ತದೆ. ಹೆಚ್ಚು ಕಾದರೂ ಕೆಟ್ಟಿತು, ಬಿಸಿ ಆರುತ್ತದೆ. ಎರಡನೇ ಕ್ಯಾಮೆರಾದ ಕೆಳಗೆ ಒಂದು ಮೋಟು ಕುರ್ಚಿಯಲ್ಲಿ ಕೂತು, ಯಾವ ಮಾತಿಗೆ ಎಷ್ಟು ಸೆಕೆಂಡು ನಗು ಎಂದು ಬರೆದುಕೊಳ್ಳುತ್ತಿದ್ದೆ. ತೊಡೆಯ ಮೇಲೆ ಪುಸ್ತಕ, ಕೈಯಲ್ಲಿ ಪೆನ್ಸಿಲ್, ಮೂಗಿನ ಮೇಲೆ ಕನ್ನಡಕ. ಹಾಗಾಗಿ ಅತ್ತೆ ನನಗಿಟ್ಟ ಹೆಸರು ಟೀಚರಮ್ಮ.

ನಾನು ಕಂಡ ಕಲಾವಿದರಲ್ಲಿ ಅತ್ತೆಯಂತೆ ಕಾಯಬಲ್ಲವರು ಇನ್ನೊಬ್ಬರಿಲ್ಲ. ಅದನ್ನು ಅವರು ಕಲಿತದ್ದು ನಾಟಕದವರಿಂದ ಅಲ್ಲ, ಅಪ್ಪನಿಂದ. ಅವರಪ್ಪನದು ಎರಡೇ ಕುರ್ಚಿಯ ಕ್ಷೌರದಂಗಡಿ. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲಿ ಟವೆಲ್ ಮಡಚುತ್ತ ಗಿರಾಕಿಗಳನ್ನು ನಗಿಸುತ್ತಿದ್ದಳಂತೆ. “ಕತ್ತಿ ಕೆನ್ನೆ ಮೇಲಿದ್ದಾಗ ನಗಿಸಿದ್ರೆ ರಕ್ತ,” ಎಂದು ಅತ್ತೆ ಹೇಳುತ್ತಿದ್ದರು. “ಅಪ್ಪ ಕತ್ತಿ ಎತ್ತಿ ಒರೆಸ್ತಾನಲ್ಲ, ಅಷ್ಟರೊಳಗೆ ಮಾತು ಹೇಳಿ, ಅವರು ನಕ್ಕು, ಬಾಯಿ ಮುಚ್ಚಿರಬೇಕು. ಒಂದೇ ಸಲ ತಪ್ಪಿತು ನನಗೆ. ಗಿರಾಕಿ ಕಿವಿ ಹತ್ರ ಇಷ್ಟುದ್ದ ಗಾಯ. ಅಪ್ಪ ಬೈಲಿಲ್ಲ, ಹತ್ತಿ ಕೊಟ್ಟು, ‘ನೀನೇ ಒತ್ತಿ ಹಿಡ್ಕೋ’ ಅಂದ.”

ಆಮೇಲೆ ಅವರು ಒಂದು ನಾಟಕ ತಂಡಕ್ಕೆ ಸೇರಿದ್ದು ಅಳುವ ಪಾತ್ರಗಳಿಗಾಗಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಗಂಡನನ್ನು ಬಿಟ್ಟು ಹೊರಟ ಹೆಂಡತಿಯಾಗಿ ಬಾಗಿಲು ತೆಗೆಯಲು ಹೋದರೆ ಹಿಡಿ ಕಿತ್ತು ಕೈಗೆ ಬಂತು. ಗಂಡನ ಪಾತ್ರದವನು ಬೆಪ್ಪಾಗಿ ನಿಂತ. ಇವರು ಹಿಡಿಯನ್ನು ಅವನ ಕೈಯಲ್ಲಿಟ್ಟು, “ಸರಿ, ಊಟ ಮಾಡಿ ಹೋಗ್ತೀನಿ,” ಎಂದು ಕುರ್ಚಿಯಲ್ಲಿ ಕೂತುಬಿಟ್ಟರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾರನೆಯ ದಿನದಿಂದ ಅಳುವ ಪಾತ್ರ ಯಾರೂ ಕೊಡಲಿಲ್ಲ. “ನಗೋರ ಮುಂದೆ ಎಡವಿ ಬೀಳಬಾರದು ಅಂತಾರೆ. ನಾನು ಎಡವಿ ಬಿದ್ದೇ ಮನೆ ಕಟ್ಟಿದೆ ಕಣೆ,” ಎನ್ನುತ್ತಿದ್ದರು. ರಂಗಭೂಮಿಯಿಂದ ರೇಡಿಯೊ, ರೇಡಿಯೊದಿಂದ ಟೀವಿ. ನಲವತ್ತೊಂದಕ್ಕೆ ಮಹಡಿ ಅತ್ತೆಯಾದರು.

ನನಗೆ ಅವರ ಕಿವಿಯ ವಿಷಯ ತಿಳಿದದ್ದು ಒಂದು ಬಲ್ಬಿನಿಂದ. ಪೂರ್ವಾಭ್ಯಾಸ ನಡೆಯುವಾಗ ಅವರ ಬೆನ್ನ ಹಿಂದೆ, ಮೇಲೆ ಕಟ್ಟಿದ್ದ ದೊಡ್ಡ ದೀಪವೊಂದು ಢಮ್ಮೆಂದು ಒಡೆಯಿತು. ಮಾವ ಮೇಜಿನ ಕೆಳಗೆ ಹೋದರು. ನಾನು ಪುಸ್ತಕ ಎಸೆದೆ. ಅತ್ತೆ ಮಾತ್ರ ಬಟ್ಟಲಿಗೆ ಚಹಾ ಬಗ್ಗಿಸುತ್ತಲೇ ಇದ್ದರು. ನಮ್ಮ ಮುಖಗಳನ್ನು ನೋಡಿದ ಮೇಲೆ ನಿಧಾನವಾಗಿ ಹಿಂತಿರುಗಿದರು. “ಅತ್ತೆ ಎದೆ ಕಲ್ಲು ಕಣ್ರೀ!” ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಅದಕ್ಕೆ ಮೊದಲೇ ಏಳು ವಾರಗಳಿಂದ ನನ್ನ ಪುಸ್ತಕದ ಅಂಚಿನಲ್ಲಿ ಸಣ್ಣ ಸಣ್ಣ ಟಿಪ್ಪಣಿಗಳಿದ್ದವು: ‘ಹಿಂದಿನಿಂದ ಕರೆದರೆ ತಿರುಗುವುದಿಲ್ಲ’, ‘ಮಾವನ ತುಟಿಯನ್ನೇ ನೋಡುತ್ತಾರೆ’.

ಬಣ್ಣದ ಕೋಣೆಯಲ್ಲಿ ಅವರು ಒಬ್ಬರೇ ಇದ್ದಾಗ ಹೋಗಿ, ಕನ್ನಡಿಯಲ್ಲಿ ನನ್ನ ಮುಖ ಕಾಣುವಂತೆ ನಿಂತೆ.

“ಬಲ್ಬ್ ಒಡೀತಲ್ಲ ಅತ್ತೆ.”

“ಗೊತ್ತು ಬಿಡು. ನೆಲದ ಮೇಲೆಲ್ಲ ಗಾಜು ಬಿದ್ದಿತ್ತು.”

“ಸದ್ದು?”

ಅವರು ಹತ್ತಿಯಿಂದ ಹಣೆಯ ಬಣ್ಣ ಒರೆಸುತ್ತಿದ್ದವರು ಕೈ ನಿಲ್ಲಿಸಿದರು. “ಎಷ್ಟು ದಿನದಿಂದ ನೋಡ್ತಿದ್ದೀಯ?”

“ಏಳು ವಾರ.”

“ಬರೆದೂ ಇಟ್ಟಿದ್ದೀಯಾ?”

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಪುಸ್ತಕ ತೋರಿಸಿದೆ. ಅಂಚಿನ ಟಿಪ್ಪಣಿಗಳನ್ನು ಒಂದೊಂದಾಗಿ ಓದಿ ಅವರು ಜೋರಾಗಿ ನಕ್ಕರು. “ಅಯ್ಯೋ ಟೀಚರಮ್ಮ, ನೀನು ಪೊಲೀಸಿಗೆ ಸೇರಬೇಕಿತ್ತು!” ನಗು ನಿಂತ ಮೇಲೆ ಹೇಳಿದರು. ಅವರ ತಾಯಿಗೂ ನಲವತ್ತರ ಆಸುಪಾಸಿನಲ್ಲಿ ಹೀಗೇ ಆಗಿತ್ತಂತೆ. ಎದುರಿಗೆ ನಿಂತವರ ಮಾತು ತುಟಿ ನೋಡಿ ತಿಳಿಯುತ್ತದೆ. ಉಳಿದವರ ಸಾಲುಗಳೂ ಬಾಯಿಪಾಠವಿರುವುದರಿಂದ ತೊಂದರೆಯಿಲ್ಲ. ಆದರೆ ಕತ್ತಲಲ್ಲಿ ಕೂತ ಸಭೆ ನಗುವುದು ಮಾತ್ರ ಹಾಸಿಗೆಯಡಿ ಯಾರೋ ಗೊಣಗಿದ ಹಾಗೆ. ಶುರುವಾದದ್ದು ಗೊತ್ತಾಗುತ್ತದೆ, ಮುಗಿದದ್ದು ಗೊತ್ತಾಗುವುದಿಲ್ಲ. ಈವರೆಗೆ ಅಂದಾಜಿನ ಮೇಲೆ ನಡೆಸಿದ್ದರು.

“ಕಿವಿಯಂತ್ರ?” ಎಂದೆ.

“ಅದರ ತಂತಿ, ಡಬ್ಬಿ ಎಲ್ಲಾ ಎಲ್ಲಿ ಬಚ್ಚಿಡ್ಲಿ? ನಗು ಕೇಳಿಸದ ಹಾಸ್ಯನಟಿ ಅಂದ್ರೆ ವಾಸನೆ ಬರದ ಅಡುಗೆಯವಳಿದ್ದ ಹಾಗೆ. ಯಾರಾದ್ರೂ ಕೆಲಸಕ್ಕೆ ಇಟ್ಕೋತಾರಾ? ಯಾರಿಗೂ ಹೇಳ್ಬೇಡ.”

ಆ ದಿನವೇ ಏರ್ಪಾಡು ಮಾಡಿಕೊಂಡೆವು. ನಗು ಇರುವಷ್ಟು ಹೊತ್ತು ನನ್ನ ಪೆನ್ಸಿಲ್ ಮೇಲಕ್ಕೆತ್ತಿರುತ್ತದೆ. ನಗು ಇಳಿದಾಗ ಪೆನ್ಸಿಲ್ ಇಳಿಯುತ್ತದೆ. ಅತ್ತೆ ಕಡೆಗಣ್ಣಿನಲ್ಲಿ ಅದನ್ನು ನೋಡಿ ಮಾತು ಆಡುತ್ತಾರೆ. ಎಂಬತ್ತು ಆಸನಗಳ ಆ ಹಳೆಯ ಸಭಾಂಗಣದಲ್ಲಿ ನಾಲ್ಕು ವರ್ಷ ಒಂದು ಸಲವೂ ತಪ್ಪಲಿಲ್ಲ. ಪತ್ರಿಕೆಯವರು ಅವರ ಸಮಯಪ್ರಜ್ಞೆಯನ್ನು ಹೊಗಳಿ ಬರೆದಾಗ ಅತ್ತೆ ಅದನ್ನು ಕತ್ತರಿಸಿ, ನನ್ನ ಪುಸ್ತಕದೊಳಗೆ ಸೇರಿಸಿ ಸುಮ್ಮನೆ ಹೋಗುತ್ತಿದ್ದರು.

ಆಮೇಲೆ ನಾವು ಹೊಸ ಸಭಾಂಗಣಕ್ಕೆ ಬಂದೆವು. ಮುನ್ನೂರು ಆಸನ. ಮುಂದಿನವರು ನಟರನ್ನು ನೇರವಾಗಿ ನೋಡುತ್ತಿದ್ದರು. ಹಿಂದಿನವರಿಗೆ ಮೇಲೆ ತೂಗುಹಾಕಿದ ಟೀವಿ ಪರದೆಗಳೇ ಗತಿ. ಪರದೆಗೆ ಕಣ್ಣೆತ್ತಿ ನೋಡಿ ಅವರು ನಗುವಷ್ಟರಲ್ಲಿ ತಡವಾಗುತ್ತಿತ್ತು, ಹಾಗಾಗಿ ನಗು ಎರಡು ಕಂತಿನಲ್ಲಿ ಬರಲು ಶುರುವಾಯಿತು. ಮುಂದಿನವರು ನಕ್ಕು ಉಸಿರು ತೆಗೆದುಕೊಳ್ಳುವಾಗ ಹಿಂದಿನವರ ನಗು ಏಳುತ್ತಿತ್ತು. ಸಣ್ಣ ಸಭಾಂಗಣದ ಅಭ್ಯಾಸದಲ್ಲಿ ನಾನು ಮೊದಲ ಅಲೆ ತಗ್ಗಿದ ಕೂಡಲೇ ಪೆನ್ಸಿಲ್ ಇಳಿಸಿದೆ. ಅತ್ತೆ ಮಾತು ಆಡಿದರು. ಎರಡನೇ ಅಲೆ ಬಂದು ಆ ಮಾತನ್ನು ನುಂಗಿತು. ಮರುವಾರ ಎರಡನೇ ಅಲೆಗೆಂದು ಕಾದೆ, ಬರಲಿಲ್ಲ. ಅತ್ತೆ ಬಾಯಿ ತೆರೆದುಕೊಂಡು ಕಲ್ಲಿನ ಹಾಗೆ ನಿಂತರು. ಮೂರನೆಯ ವಾರ ಎರಡೂ ತಪ್ಪುಗಳನ್ನು ಮಾಡಿದೆ.

ನಿರ್ದೇಶಕರು ತಾವು ಕೂತು ನೋಡುವ ಮೇಲಿನ ಕಂಟ್ರೋಲ್ ಕೋಣೆಯಿಂದ ಇಳಿದು ಬಂದು ಎಲ್ಲರೆದುರಿಗೆ ಅತ್ತೆಯನ್ನು ಕೇಳಿದರು: “ಏನಾಗಿದೆ ಅತ್ತೆ ನಿಮಗೆ? ನಗೋರ ಬಾಯಿಗೇ ಮಾತು ತುರುಕ್ತೀರಲ್ಲ!”

ಅತ್ತೆ ನನ್ನ ಕಡೆ ನೋಡಲೂ ಇಲ್ಲ. “ವಯಸ್ಸಾಯ್ತಲ್ಲಪ್ಪ, ಹಸಿವಾಗುತ್ತೆ. ಬೇಗ ಮುಗಿಸಿ ಮನೆಗೆ ಹೋಗೋಣ ಅಂತ,” ಎಂದು ನಕ್ಕುಬಿಟ್ಟರು. ಎಲ್ಲರೂ ನಕ್ಕರು, ನಿರ್ದೇಶಕರೊಬ್ಬರನ್ನು ಬಿಟ್ಟು.

ಶನಿವಾರ ಬರಹಗಾರರು ಮುಂದಿನ ಕಂತಿನ ಹಸ್ತಪ್ರತಿಯನ್ನು ಟೈಪ್ ಮಾಡಲು ನನ್ನ ಮೇಜಿನ ಮೇಲಿಟ್ಟು, ಕಣ್ಣು ತಪ್ಪಿಸಿಕೊಂಡು ಹೋದರು. ಏಳು ಪ್ರತಿ ಬೇಕಿತ್ತು. ಒಂಬತ್ತನೆಯ ಹಾಳೆ ಟೈಪ್ ಮಾಡುವಾಗ ಕೈ ನಿಂತಿತು. ಮಹಡಿ ಅತ್ತೆ ಮೇಲಿನ ಮನೆ ಮಾರಿ ಮಗಳ ಊರಿಗೆ ಹೊರಡುತ್ತಾಳೆ. ಮಾವ ಮಾತ್ರ ಕೆಳಗಿನ ಕೋಣೆಯಲ್ಲಿ ಉಳಿಯುತ್ತಾನೆ. ಮಹಡಿಗೆ ಒಬ್ಬಳು ಹಾಡುಗಾರ್ತಿ ಬರುತ್ತಾಳೆ. ಇಷ್ಟೇ. ಅತ್ತೆಗೆ ಕೊನೆಯ ಮಾತು ಕೂಡ ಇರಲಿಲ್ಲ. ಸೂಟ್‌ಕೇಸು ಹಿಡಿದು ಹೋಗುವುದು ಅಷ್ಟೆ.

ಅದನ್ನೂ ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ನನ್ನ ಮೇಲೆ ನನಗೆ ಅಸಹ್ಯವಾದದ್ದು ಅದಕ್ಕೇ.

ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ, ಅವರು ಇಷ್ಟು ವರ್ಷ ಕಾಪಾಡಿಕೊಂಡದ್ದು ಬೀದಿಗೆ ಬರುತ್ತದೆ. ಹೇಳದಿದ್ದರೆ ನನ್ನ ತಪ್ಪಿಗೆ ಅವರ ಕೆಲಸ ಹೋಗುತ್ತದೆ. ಭಾನುವಾರ ಪೂರ್ತಿ ಬಟ್ಟೆ ಒಗೆಯುತ್ತ, ಒಣಹಾಕುತ್ತ, ಒಂದು ವಾಕ್ಯ ಕಟ್ಟಿದೆ. ‘ಕಳೆದ ಮೂರು ವಾರಗಳ ಲೋಪಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬೇಕಾದ ಒಂದು ಸಂಗತಿಯಿದೆ.’ ಒಳ್ಳೆಯ ವಾಕ್ಯ. ಸೋಮವಾರ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಹೋದೆ.

ಸೋಮವಾರ ಬೆಳಿಗ್ಗೆ ಎಲ್ಲರೂ ಉದ್ದ ಮೇಜಿನ ಸುತ್ತ ಕೂತು ಹೊಸ ಕಂತನ್ನು ಓದುವುದು ನಮ್ಮ ಪದ್ಧತಿ. ನಿರ್ದೇಶಕರು, ಬರಹಗಾರರು, ಮಾವ, ಬಾಡಿಗೆದಾರ ದಂಪತಿಗಳ ಪಾತ್ರದ ಇಬ್ಬರು, ಹಾಳೆಯ ಮೇಲೆ ಬೆಳಕಿನ ಗುರುತು ಮಾಡಿಕೊಳ್ಳಲು ಬರುತ್ತಿದ್ದ ದೀಪದಣ್ಣ. ಅತ್ತೆ ಎಂದಿನಂತೆ ಎಲ್ಲರ ಮುಖ ಕಾಣುವ ತುದಿಯ ಕುರ್ಚಿಯಲ್ಲಿ. ನಾನು ಪ್ರತಿಗಳನ್ನು ಎದೆಗವಚಿಕೊಂಡು ನಿಂತಿದ್ದೆ.

“ಹಂಚಮ್ಮ,” ಎಂದರು ನಿರ್ದೇಶಕರು. ನಾನು ಅಲುಗಾಡಲಿಲ್ಲ. “ಟೀಚರಮ್ಮಾ! ಕಿವುಡರ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲ, ಹಂಚಿ ಅಂದೆ.”

ಕಟ್ಟಿಕೊಂಡು ಬಂದ ವಾಕ್ಯ ಎಲ್ಲಿ ಹೋಯಿತೋ. “ತಪ್ಪು ಅತ್ತೇದಲ್ಲ ಸಾರ್. ಪೆನ್ಸಿಲ್‌ದು,” ಎಂದುಬಿಟ್ಟೆ.

“ಯಾವ ಪೆನ್ಸಿಲ್?”

“ನನ್ನದು.”

“ನಿಮ್ಮ ಪೆನ್ಸಿಲ್ ಏನ್ ಮಾಡ್ತು?”

“ಬೇಗ ಇಳೀತು.”

ಮಾವ ನನ್ನ ಹಣೆ ಮುಟ್ಟಿ ನೋಡಲು ಎದ್ದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಬಲ್ಬಿನಿಂದ ಹಿಡಿದು ಎರಡು ಅಲೆಯ ನಗುವಿನವರೆಗೆ ಎಲ್ಲವನ್ನೂ ಹೇಳಿದೆ. ಪ್ರತಿಗಳ ಹಿಂದೆ ಮುಖ ಮುಚ್ಚಿಕೊಂಡು ಹೇಳಿದ್ದರಿಂದ ಅತ್ತೆಗೆ ನನ್ನ ತುಟಿ ಕಾಣಲಿಲ್ಲ. ಅವರು ಉಳಿದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಎಲ್ಲ ಮುಖಗಳೂ ತಮ್ಮ ಕಡೆಗೇ ತಿರುಗಿದಾಗ ಅರ್ಥವಾಗಿರಬೇಕು.

“ಹೇಳಿಬಿಟ್ಟಳಾ?” ಎಂದರು.

ಮೊದಲು ಬಾಯಿ ಬಿಟ್ಟವರು ಮಾವ. ಕುರ್ಚಿಯನ್ನು ಅತ್ತೆಯ ಎದುರಿಗೆ ಎಳೆದುಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: “ಹಾಗಾದ್ರೆ, ನಿನ್ನನ್ನ ನಗಿಸಿ ಸೀನ್ ಕೆಡಿಸಬೇಕು ಅಂತ ಹನ್ನೊಂದು ವರ್ಷದಿಂದ ನಿನ್ನ ಕಿವೀಲಿ ಪೋಲಿ ಜೋಕ್ ಹೇಳ್ತಾ ಇದ್ದೆನಲ್ಲ, ಅದೆಲ್ಲ?”

“ಗಾಳಿ ಬರ್ತಿತ್ತು,” ಎಂದರು ಅತ್ತೆ. “ತಂಪಾಗಿತ್ತು.”

ಮಾವ ತಲೆಯ ಮೇಲೆ ಕೈ ಹೊತ್ತರು. ನಿರ್ದೇಶಕರಿಗೆ ಮಾತ್ರ ನಗು ಬರಲಿಲ್ಲ. ಅವರು ಕೆಟ್ಟವರಲ್ಲ, ಕಾರ್ಯಕ್ರಮ ಅವರ ತಲೆಯ ಮೇಲಿತ್ತು. “ಅತ್ತೆ, ತಪ್ಪು ತಿಳೀಬೇಡಿ. ನಗು ಕೇಳದೆ ಕಾಮಿಡಿ ಹೇಗೆ ಮಾಡ್ತೀರಿ?”

“ಇಷ್ಟು ದಿನ ಮಾಡಿದ್ದು ಏನಪ್ಪ? ಅಳೋ ನಾಟಕಾನಾ?”

“ಆದ್ರೆ ಈ ಹಾಲ್‌ನಲ್ಲಿ ಆಗ್ತಿಲ್ವಲ್ಲ. ಪೆನ್ಸಿಲ್ ನಂಬ್ಕೊಂಡು ಎಷ್ಟು ದಿನ?”

ಆಗ ದೀಪದಣ್ಣ ಕೆಮ್ಮಿದರು. ಅವರು ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. “ಕೇಳದಿದ್ರೆ ನೋಡಬಹುದಲ್ಲ,” ಎಂದರು. “ಜನ ಕೂತಿರೋ ಕಡೆ ಕತ್ತಲೆ ಮಾಡೋನು ನಾನು. ಅರ್ಧ ದೀಪ ಬಿಡ್ತೀನಿ. ಮುನ್ನೂರು ಮುಖಾನೂ ಕಾಣುತ್ತೆ. ನಕ್ಕರೆ ಹೆಗಲು ಕುಣಿಯುತ್ತೆ, ನಿಂತರೆ ನಿಲ್ಲುತ್ತೆ.”

“ಬೆಳಕಲ್ಲಿ ಕೂತ ಜನ ನಗಲ್ಲ,” ಎಂದರು ನಿರ್ದೇಶಕರು. ಅದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಪಕ್ಕದವರು ನೋಡುತ್ತಾರೆಂದು ಬಾಯಿಗೆ ಕೈ ಅಡ್ಡ ಇಡುತ್ತಾರೆ. ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಒಂದು ವಾರದ ಅವಕಾಶ ಸಿಕ್ಕಿತು: ಬುಧವಾರ, ಹಳೆಯ ಸಭಾಂಗಣದಲ್ಲಿ ಒಮ್ಮೆ ಆಡಿದ್ದ ಹಸ್ತಪ್ರತಿಯೊಂದನ್ನು ಅರ್ಧ ಬೆಳಕಿನಲ್ಲಿ ಮತ್ತೆ ಚಿತ್ರೀಕರಿಸುವುದು. ಜನ ನಗದಿದ್ದರೆ ಮುಂದಿನ ವಾರ ನನ್ನ ಕೈಯಲ್ಲಿದ್ದ ಏಳು ಪ್ರತಿಗಳು ಹಂಚಿಕೆಯಾಗುತ್ತವೆ.

ಎರಡು ದಿನ ಅತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಎಲ್ಲರೊಡನೆ ಹರಟುವವರು ನಾನು ಬಂದರೆ ಕನ್ನಡಿಯ ಕಡೆ ತಿರುಗುತ್ತಿದ್ದರು. ತುಟಿ ನೋಡಿದರೆ ಮಾತ್ರ ಕೇಳಿಸುವವರು ಮುಖ ತಿರುಗಿಸಿದರೆ, ನಾವು ಏನು ಹೇಳಿದರೂ ಅವರನ್ನು ತಲುಪುವುದಿಲ್ಲ. ಬುಧವಾರ ಮಧ್ಯಾಹ್ನ, ಸಭೆ ತುಂಬುತ್ತಿರುವಾಗ, ತಾವಾಗಿಯೇ ಬಣ್ಣದ ಕೋಣೆಗೆ ಕರೆಸಿದರು.

“ನೀನು ಹೇಳಿದ್ದಕ್ಕೆ ನಂಗೆ ಕೋಪ ಇಲ್ಲ,” ಎಂದರು. “ನಾನು ಹೇಳಬೇಕಿದ್ದಿದ್ದನ್ನ ನೀನು ಹೇಳಿದೆಯಲ್ಲ, ಅದಕ್ಕೆ ಕೋಪ. ಆ ಧೈರ್ಯ ನಂಗಿರಬೇಕಿತ್ತು. ಹೋಗಿಹೋಗಿ ನೀನು! ಬೆಕ್ಕು ಸೀನಿದ್ರೆ ಬೆಚ್ಚೋಳು.”

“ತಪ್ಪಾಯ್ತು ಅತ್ತೆ.”

“ಯಾವುದು? ಪೆನ್ಸಿಲ್ಲಾ, ಬಾಯಾ?”

“ಎರಡೂ.”

“ಪೆನ್ಸಿಲ್ ಪರವಾಗಿಲ್ಲ. ನಾಲ್ಕು ವರ್ಷ ಅನ್ನ ಹಾಕಿದೆ.” ಎದ್ದು ನಿಂತು ನನ್ನ ಕೆನ್ನೆ ತಟ್ಟಿದರು. ಅವರ ಕೈ ತಣ್ಣಗಿತ್ತು. ಅಷ್ಟು ವರ್ಷಗಳಲ್ಲಿ ಅವರ ಕೈ ತಣ್ಣಗಿದ್ದದ್ದನ್ನು ನಾನು ನೋಡಿರಲಿಲ್ಲ. “ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನಡಿ, ಯಾರ ಕಾಲ ಬಂದಿದೆ ನೋಡೋಣ.”

ಅರ್ಧ ದೀಪ ಉಳಿಯಿತು. ನನ್ನ ಮೋಟು ಕುರ್ಚಿಯಿಂದ ಮೊದಲ ಸಲ ನಾನೂ ಸಭೆಯನ್ನು ನೋಡಿದೆ. ನಿರ್ದೇಶಕರು ಹೇಳಿದ್ದು ಸುಳ್ಳಾಗಿರಲಿಲ್ಲ. ಜನ ಮದುವೆಗೆ ಕರೆಯದೆ ಬಂದವರಂತೆ ಮುದುರಿ ಕೂತಿದ್ದರು. ಮಾವನ ಮೊದಲ ಮಾತಿಗೆ ಐದಾರು ಜನ ನಕ್ಕು, ಪಕ್ಕಕ್ಕೆ ನೋಡಿ ನಿಲ್ಲಿಸಿದರು. ನನ್ನ ಪುಸ್ತಕದಲ್ಲಿ ಬರೆದೆ: ಎರಡು ಸೆಕೆಂಡು. ಹಳೆಯ ಸಭಾಂಗಣದಲ್ಲಿ ಅದೇ ಮಾತಿಗೆ ಒಂಬತ್ತು ಸಿಕ್ಕಿತ್ತು. ಆಮೇಲೆ ಅತ್ತೆ ಮೆಟ್ಟಿಲಿಳಿದು ಬಂದರು. ಚಪ್ಪಾಳೆ ಬಿತ್ತು. ಆದರೆ ಜಗಳದ ಮೊದಲ ಐದು ಮಾತು ಸಪ್ಪಗೆ ಹೋದವು. ಅತ್ತೆ ಸೋರುವ ನಲ್ಲಿಯ ಕಡೆ ಬೊಟ್ಟು ಮಾಡಿ ಬಾಡಿಗೆದಾರನಿಗೆ ಹೇಳಬೇಕು: “ಈ ಮನೇಲಿ ನಿಯತ್ತಾಗಿ ಕೆಲಸ ಮಾಡ್ತಿರೋದು ಅದೊಂದೇ. ಹಗಲೂ ರಾತ್ರಿ!” ಹೇಳಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೆ.

ಆ ಮೌನದಲ್ಲಿ, ಮುಂದಿನ ಸಾಲಿನಿಂದ ಒಂದು ಗಟ್ಟಿ ದನಿ ಎದ್ದಿತು.

“ಸ್ವಲ್ಪ ಜೋರಾಗಿ ಹೇಳಮ್ಮಾ! ಇಲ್ಲಿ ಏನೂ ಕೇಳ್ತಿಲ್ಲ!”

ಎಂಬತ್ತರ ಆಸುಪಾಸಿನ ಮುದುಕಿ. ಬೂದು ಬಣ್ಣದ ಕೋಟು, ತೊಡೆಯ ಮೇಲೆ ಚೀಲ, ಕಿವಿಯ ಹಿಂದೆ ಅಂಗೈ. ಪಕ್ಕದಲ್ಲಿದ್ದ ಸೊಸೆ ತೋಳು ಜಗ್ಗುತ್ತ, “ಸುಮ್ನಿರಿ ಅತ್ತೆ, ಶೂಟಿಂಗ್ ನಡೀತಿದೆ,” ಎನ್ನುತ್ತಿದ್ದಳು. ನನ್ನ ಕಿವಿಯ ಹೆಡ್‌ಫೋನಿನಲ್ಲಿ ನಿರ್ದೇಶಕರು, “ಹೋಯ್ತು. ಕಟ್ ಹೇಳ್ತೀನಿ,” ಎಂದರು.

“ತಡೀರಿ ಸಾರ್,” ಎಂದು ಹೆಡ್‌ಫೋನಿನ ಮೈಕಿನಲ್ಲಿ ಹೇಳಿದೆ. ಇಪ್ಪತ್ತೇಳು ವರ್ಷದ ಕೆಲಸದಲ್ಲಿ ಮೇಲಿನವರಿಗೆ ನಾನು ಆಡಿದ ಏಕೈಕ ಎದುರುಮಾತು ಅದು. ಅತ್ತೆ ಆ ಮುದುಕಿಯನ್ನು ನೋಡಿದ್ದರು. ದನಿ ಕೇಳಿಸಿರಲಿಲ್ಲ, ಆದರೆ ಕಿವಿಯ ಹಿಂದಿನ ಅಂಗೈಯನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾರು? ಅಡುಗೆಮನೆಯ ಸೆಟ್ಟನ್ನು ದಾಟಿ ವೇದಿಕೆಯ ಅಂಚಿಗೆ ಬಂದು, ತಾವೂ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡರು.

“ಏನಂದ್ರಿ?”

“ಕೇಳಲ್ಲ ಅಂದೆ!”

“ನಂಗೂ ಕೇಳಲ್ಲ!”

“ಹಾಗಾದ್ರೆ ಇಷ್ಟು ಹೊತ್ತಿಂದ ಯಾರ ಹತ್ರ ಮಾತಾಡ್ತಿದ್ದೀಯಮ್ಮಾ?”

ಅತ್ತೆ ಹಿಂತಿರುಗಿ ಮಾವನನ್ನು ತೋರಿಸಿದರು. “ಇವರ ಹತ್ರ. ಇವರು ಹೇಳೋದು ಕೇಳಿಸದೇ ಇರೋದೇ ವಾಸಿ.”

ಮಾವ ಅಲ್ಲಿಂದಲೇ ನಿಟ್ಟುಸಿರುಬಿಟ್ಟರು. “ಮೂವತ್ತು ವರ್ಷ ಸಂಸಾರ ಹೇಗೆ ನಡೀತು ಅಂತ ನಂಗೆ ಈಗ ಗೊತ್ತಾಯ್ತು.”

ಆ ನಗು ಎಷ್ಟು ಸೆಕೆಂಡಿನದು ಎಂದು ನನ್ನ ಪುಸ್ತಕದಲ್ಲಿಲ್ಲ. ಮುಂದಿನ ಸಾಲುಗಳು ಬಗ್ಗಿ ಬಗ್ಗಿ ನಕ್ಕವು. ಬಾಯಿಗೆ ಅಡ್ಡವಿದ್ದ ಕೈಗಳು ಪಕ್ಕದವರ ತೊಡೆ ಬಡಿಯಲು ಹೋದವು. ಹಿಂದಿನ ಸಾಲುಗಳು ಎದ್ದವು. ಅತ್ತೆ ವೇದಿಕೆಯ ಅಂಚಿನಲ್ಲಿ ನಿಂತು ನೋಡಿದರು. ಎಷ್ಟೋ ವರ್ಷ ಅಂದಾಜಿನಲ್ಲಿ, ನನ್ನ ಕೈಯ ಪೆನ್ಸಿಲ್ಲಿನಲ್ಲಿ, ಕಂಡುಕೊಂಡಿದ್ದ ನಗುವನ್ನು ಅವರು ಮುಖಮುಖದ ಮೇಲೆ ನೋಡುತ್ತಿದ್ದರು. ಅವರ ಕಣ್ಣು ಒಂದೊಂದು ಸಾಲನ್ನೂ ಹತ್ತಿ ಹಿಂದಕ್ಕೆ ಹೋಯಿತು. ನಾನು ಅಭ್ಯಾಸಬಲದಿಂದ ಪೆನ್ಸಿಲ್ ಎತ್ತಿ ಹಿಡಿದಿದ್ದೆ. ಅವರಿಗೆ ಅದು ಬೇಕಿರಲಿಲ್ಲ. ಕೊನೆಯ ಸಾಲಿನ ಹೆಗಲುಗಳು ಇಳಿಯುವ ತನಕ ಕಾದು, ಮುದುಕಿಯ ಕಡೆಗೆ ಬಗ್ಗಿ, ನಲ್ಲಿಯ ಮಾತನ್ನು ಸಾವಕಾಶವಾಗಿ, ದೊಡ್ಡ ದನಿಯಲ್ಲಿ, ಮತ್ತೆ ಹೇಳಿದರು. ಮುದುಕಿ ಸೊಸೆಯ ಕಡೆ ತಿರುಗಿ, “ನಮ್ಮನೇಲೂ ಹಂಗೇ!” ಎಂದಳು. ಮತ್ತೆ ಎರಡು ಅಲೆ. ಎರಡಕ್ಕೂ ಅತ್ತೆ ಕಾದರು.

ಆ ಕಂತಿನಿಂದ ಒಂದು ಚೂರೂ ತೆಗೆಯದೆ ಪ್ರಸಾರ ಮಾಡಿದರು. ನೋಡಿದವರೆಲ್ಲ ಮುದುಕಿ ಕೂಡ ನಟಿ ಎಂದುಕೊಂಡರು. ಅತ್ತೆ ನಿಜ ಹೇಳಿದ್ದು ಯಾರಿಗೂ ತಿಳಿಯಲಿಲ್ಲ. ವರ್ಷವಾದ ಮೇಲೆ ಅತ್ತೆ ತಾವೇ ಒಂದು ಪತ್ರಿಕೆಗೆ ಹೇಳಿದರು, ತಾವೇ ಆರಿಸಿದ ಮಾತುಗಳಲ್ಲಿ. ಕಾರ್ಯಕ್ರಮ ಇನ್ನೂ ಒಂಬತ್ತು ವರ್ಷ ನಡೆಯಿತು, ಕೊನೆಯವರೆಗೂ ಅರ್ಧ ಬೆಳಕಿನಲ್ಲೇ. ನನ್ನ ಕೆಲಸವೂ ನಡೆಯಿತು: ಬಟ್ಟಲು ಯಾವ ಕೈಯಲ್ಲಿ, ಗುಂಡಿ ಬಿಚ್ಚಿತ್ತೋ ಇಲ್ಲವೋ. ನನ್ನ ತಪ್ಪನ್ನು ಅವರು ಎಲ್ಲರೆದುರಿಗೆ ತಮ್ಮ ಹಸಿವಿನ ಮೇಲೆ ಹಾಕಿಕೊಂಡ ಆ ಗಳಿಗೆಯನ್ನು ನಾನು ಇಂದಿಗೂ ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ. ಹೆದರಿಕೆಯಿಂದ ಅಲ್ಲ. ಅಂಥವರ ಪಕ್ಕದಲ್ಲಿ ಒಂದು ಮೋಟು ಕುರ್ಚಿ ನನಗೆ ಸಿಕ್ಕಿತಲ್ಲ ಎಂದು.

ಆ ಬುಧವಾರ ಸಭೆ ಖಾಲಿಯಾದ ಮೇಲೆ ಬರಹಗಾರರು ನನ್ನ ಬಳಿ ಬಂದು ಏಳು ಪ್ರತಿಗಳನ್ನೂ ಕೇಳಿ ತೆಗೆದುಕೊಂಡರು. “ಹಿಂದುಗಡೆ ಖಾಲಿ ಇದೆಯಲ್ಲ, ಮಗಳಿಗೆ ಚಿತ್ರ ಬರೆಯೋಕೆ ಆಗುತ್ತೆ,” ಎಂದು, ಮೊದಲ ಸಲ ನನ್ನ ಕಣ್ಣನ್ನೇ ನೋಡಿ ಹೇಳಿದರು. ನಾನು ವೇದಿಕೆಯ ಕಡೆ ತಿರುಗಿದೆ. ಮುದುಕಿ ಇನ್ನೂ ಹೋಗಿರಲಿಲ್ಲ. ಅತ್ತೆ ಬಣ್ಣ ಕೂಡ ತೆಗೆಯದೆ ಇಳಿದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮುದುಕಿ ತನ್ನ ಮಂಡಿನೋವಿನ ಬಗ್ಗೆ ಹೇಳುತ್ತಿದ್ದಳು. ಚೀಲದಲ್ಲಿ ಏನೋ ಹುಡುಕುತ್ತ ತಲೆ ಬಗ್ಗಿಸಿದ್ದರಿಂದ ಅತ್ತೆಗೆ ಅವಳ ತುಟಿ ಕಾಣುತ್ತಿರಲಿಲ್ಲ. “ಹೌದು, ಬೆಳಕು ಬಹಳ ಚೆನ್ನಾಗಿತ್ತು,” ಎಂದರು ಅತ್ತೆ. “ಎಣ್ಣೆ ಹಚ್ಚಿದ್ರೂ ಹೋಗಲ್ಲ,” ಎಂದಳು ಮುದುಕಿ. “ಮುಂದಿನ ವಾರಾನೂ ಬನ್ನಿ,” ಎಂದರು ಅತ್ತೆ. ಸೊಸೆ ನನ್ನ ಕಡೆ ನೋಡಿದಳು, ಯಾರಾದರೂ ಸರಿಪಡಿಸಬಾರದೇ ಎಂಬಂತೆ. ನಾನು ಮುದುಕಿಯ ಕೋಟಿನ ಬೆಲ್ಟು ಕುರ್ಚಿಗೆ ಸಿಕ್ಕಿಕೊಂಡಿದ್ದನ್ನು ಬಿಡಿಸಿ, ಅವರಿಬ್ಬರನ್ನೂ ಹಾಗೇ ಬಿಟ್ಟು, ಸ್ವಲ್ಪ ದೂರದಲ್ಲಿ ಕೂತೆ.